ವಿಮಾನ ಎಂಜಿನಿಯರ್‌ಗಳಿಗೆ ಕೆಲಸ ಎಲ್ಲಿ?

ಮಾನ್ಯರೇ,

2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟಾಗ ವಿಮಾನ ನಿರ್ವಹಣೆ ಓದಿದ ಮಕ್ಕಳ ಮನೆಗಳಲ್ಲಿ ಆಸೆ ಚಿಗುರಿತ್ತು. ನನ್ನ ತಮ್ಮನ ಮಗ ಇನ್ನೂ ಕೆಲಸ ಹುಡುಕುತ್ತಲೇ ಇದ್ದಾನೆ.

ಎಂಜಿನಿಯರ್ ಲೈಸೆನ್ಸಿಗೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆ ಅಂದರೆ ಸುಮ್ನೆ ಅಲ್ಲ, ಪ್ರತಿ ವಿಷಯದ ಮಾಡ್ಯೂಲ್‌ನಲ್ಲೂ ನೂರಕ್ಕೆ 75 ಬರಬೇಕು. ಅಷ್ಟಾದರೂ ಲೈಸೆನ್ಸ್ ಸಿಗಲು ಹಾರಾಟದಲ್ಲಿರುವ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವ ಬೇಕು, ಮಾಡಿದ ಕೆಲಸಗಳಿಗೆ ಲಾಗ್‌ಬುಕ್‌ನಲ್ಲಿ ಸಹಿ ಬಿದ್ದಿರಬೇಕು, ಆದರೆ ಹೊಸ ಹುಡುಗರನ್ನು ಹ್ಯಾಂಗರ್ ಒಳಗೆ ಬಿಟ್ಟುಕೊಳ್ಳುವವರು ಯಾರು? ಅದನ್ನೂ ದಾಟಿ ಹೋದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ‘ಎ320 ಟೈಪ್ ರೇಟಿಂಗ್ ಇದೆಯಾ?’ ಅಂದರೆ ಏರ್‌ಬಸ್ ಎ320 ಮಾದರಿಯ ವಿಮಾನಕ್ಕೆಂದೇ ಬೇರೆ ಕೋರ್ಸ್ ಮಾಡಿ ಪಡೆಯುವ ಅರ್ಹತೆ. ಅದಿಲ್ಲದೆ ಅಂಥ ವಿಮಾನವನ್ನು ಹಾರಾಟಕ್ಕೆ ಬಿಡಲು ಸಹಿ ಹಾಕುವಂತಿಲ್ಲ, ನಿಜ. ಆದರೆ ಓದಿಸಿದ ಸಾಲದ ಕಂತೇ ತೀರಿಲ್ಲ, ಆ ಕೋರ್ಸಿಗೆ ಮತ್ತೆ ಲಕ್ಷಗಟ್ಟಲೆ ಎಲ್ಲಿಂದ ತರೋಣ? ಸೇರಿಸಿಕೊಳ್ಳುವಾಗ ಕಾಲೇಜಿನವರು ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ.

ಎಷ್ಟು ಮಕ್ಕಳಿಗೆ ಲೈಸೆನ್ಸ್ ಸಿಕ್ಕಿತು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಅಂತ ಕಾಲೇಜುಗಳು ಪ್ರತಿ ವರ್ಷ ಪ್ರಕಟಿಸುವುದನ್ನು ಡಿಜಿಸಿಎ ಕಡ್ಡಾಯ ಮಾಡಲಿ. ವಿಮಾನ ಸಂಸ್ಥೆಗಳು ಹೊಸಬರನ್ನು ಟ್ರೈನಿಯಾಗಿ ತೆಗೆದುಕೊಂಡು ಟೈಪ್ ಕೋರ್ಸಿನ ಖರ್ಚು ತಾವೇ ಹೊರಲಿ, ಬೇಕಿದ್ದರೆ ಕೆಲವು ವರ್ಷಕ್ಕೆ ಬಾಂಡ್ ಬರೆಸಿಕೊಳ್ಳಲಿ.

– ಒಬ್ಬ ಓದುಗ, ತುಮಕೂರು