ಬಾಣಬಿರುಸಿನ ಹುಚ್ಚು ಹಿಡಿದಿದೆ ಮಾರಾಯ

ಲೋ ಮಾರಾಯ,

ಹೇಗಿದ್ದೀಯ? ಫೋನಲ್ಲಿ ಹೇಳೋಕೆ ಹೋದ್ರೆ ಪೂರ್ತಿ ಕೇಳದೇ ಬೈತೀಯ ಅಂತ ಬರೀತಿದೀನಿ, ನಮ್ಮ ಬ್ಯಾಚಿನ ಉಳಿದವರೂ ಓದ್ಲಿ ಅಂತ ಇಲ್ಲೇ ಹಾಕ್ತಿದೀನಿ.

ನಂಗೆ ಬಾಣಬಿರುಸು ಮಾಡೋದು ಕಲೀಬೇಕು ಅನ್ನೋ ಹುಚ್ಚು ಹಿಡಿದಿದೆ. ಹೆದರ್ಬೇಡ, ಮನೇಲಿ ಒಂದು ಚಿಟಿಕೆ ಮದ್ದು ಕಲಸಿಲ್ಲ, ಕಲಸೋದೂ ಇಲ್ಲ. ಏಳನೇ ಕ್ಲಾಸಲ್ಲಿ ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮಾರನೇ ದಿನ ನಾವಿಬ್ರೂ ಠುಸ್ ಆದ ಪಟಾಕಿ ಎಲ್ಲಾ ಆರಿಸ್ಕೊಂಡು ಬಂದು, ಒಳಗಿನ ಮದ್ದು ಕಾಫಿ ಕಣದ ಮೂಲೇಲಿ ಸುರಿದು ಬೆಂಕಿ ಕೊಟ್ಟಿದ್ದು ನೆನಪಿದ್ಯಾ? ನಿನ್ನ ಹುಬ್ಬು ಹೋಯ್ತು, ನನ್ನ ಬಲಗೈ ಮೇಲೆ ಬೊಬ್ಬೆ ಎದ್ದು ಅಮ್ಮ ಸಂಜೆ ತನಕ ನೀರಿನ ಬಕೆಟ್ ಪಕ್ಕದಿಂದ ಏಳೋಕೇ ಬಿಡ್ಲಿಲ್ಲ. ಆ ಕಲೆ ಇನ್ನೂ ಇದೆ. ಈಗ ಓದಿದ ಮೇಲೆ ಗೊತ್ತಾಗ್ತಿದೆ, ಒಂದೊಂದು ಪಟಾಕಿ ಮದ್ದಿನ ಗುಣ ಒಂದೊಂದು ಥರ, ಎಲ್ಲಾ ಒಟ್ಟಿಗೆ ಬೆರೆಸೋದು ಅಂದ್ರೆ ಬರೀ ಉಜ್ಜಿದ್ರೂ ಹತ್ಕೊಳ್ಳೋದು ಏನಾದ್ರೂ ತಯಾರಾಗ್ಬಹುದು. ನಾವು ಉಳಿದಿದ್ದೇ ಪುಣ್ಯ.

ಇನ್ನೊಂದು ವಿಷಯ, ಇದು ನಮ್ಮೂರಿನ ಹುಡುಗರಿಗೆ ಮುಖ್ಯವಾಗಿ ಹೇಳ್ಬೇಕು. ಕೊಡವರಿಗೆ, ಜಮ್ಮಾ ಅಂದ್ರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿಂದ ವಿನಾಯ್ತಿ ಇದೆ, ಸರಿ, ಆದ್ರೆ ಅದು ಕೋವಿಗೆ ಮಾತ್ರ. ಪಟಾಕಿ ತಯಾರಿಕೆ ಬರೋದು 1884ರ ಸ್ಫೋಟಕ ಕಾಯ್ದೆ ಕೆಳಗೆ, ಅದಕ್ಕೆ 2008ರ ನಿಯಮಗಳಿವೆ, ಲೈಸೆನ್ಸ್ ಇಲ್ಲದೆ ಹವ್ಯಾಸಕ್ಕೆ ಅಂತ ಮಾಡಿದ್ರೂ ಅಪರಾಧವೇ. 2023ರ ಅಕ್ಟೋಬರಲ್ಲಿ ಅತ್ತಿಬೆಲೆ ಪಟಾಕಿ ಗೋಡೌನ್ ಬೆಂಕಿ ನೋಡಿದ್ವಲ್ಲ, ಸತ್ತವರಲ್ಲಿ ಎಷ್ಟೋ ಜನ ಇನ್ನೂ ಓದೋ ವಯಸ್ಸಿನ ಹುಡುಗರು. ಅದು ಬರೀ ಇಟ್ಟಿದ್ದ ಮಾಲು, ಮಾಡ್ತಿದ್ದ ಜಾಗ ಕೂಡ ಅಲ್ಲ.

ಹಾಗಾದ್ರೆ ಏನು ಕಲೀತಿದೀಯ ಅಂತೀಯ. ಬಣ್ಣ ಮಾರಾಯ, ಬಣ್ಣ! ಸದ್ದು ನಂಗೆ ಬೇಡ. ಸಿದ್ದಾಪುರ ಕಡೆ ರಾತ್ರಿ ಪಟಾಕಿ ಸದ್ದು ಕೇಳಿದ್ರೆ ಯಾರೂ ಹಬ್ಬ ಅಂದ್ಕೊಳ್ಳಲ್ಲ, ಆನೆ ತೋಟಕ್ಕೆ ಇಳೀತು, ಓಡಿಸ್ತಿದಾರೆ ಅಂತ ಬಾಗಿಲು ಹಾಕ್ತಾರೆ. ಬಣ್ಣಕ್ಕೆ ಆ ಭಯ ಇಲ್ಲ.

ಮೊದಲ ಪಾಠ ಸಿಕ್ಕಿದ್ದು ನಮ್ಮ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ಮುಂಚೆ, ಕತ್ತಿ ಮಸೆಸೋಕೆ ಹೋದಾಗ. ಗ್ರೈಂಡರ್ ಚಕ್ರಕ್ಕೆ ಕತ್ತಿ ತಾಗಿಸ್ತಿದ್ದ ಹಾಗೆ ಕಿಡಿ ಹಾರ್ತಲ್ಲ, ಅವತ್ತು ಬಗ್ಗಿ ಸರಿಯಾಗಿ ನೋಡ್ದೆ, ಪ್ರತಿ ಕಿಡಿ ಒಂದು ಗೇಣು ಹೋಗಿ ತುದೀಲಿ ಮತ್ತೆ ಪುಟ್ಟದಾಗಿ ಒಡೆದು ಕವಲಾಗುತ್ತೆ, ಥೇಟ್ ಹೂಕುಂಡ ಪಟಾಕಿಯ ಹೂವು. ಕಬ್ಬಿಣದೊಳಗಿರೋ ಇಂಗಾಲ ಉರಿದು ಕಿಡೀನ ಹಾಗೆ ಸಿಡಿಸೋದಂತೆ. ಹೂಕುಂಡದಲ್ಲಿ ಬಂಗಾರದ ಬಣ್ಣ ಕೊಡೋದೂ ಅದೇ ಕಬ್ಬಿಣದ ಪುಡಿ, ಬೆಳ್ಳಿ ಬಣ್ಣ ಬೇಕಂದ್ರೆ ಅಲ್ಯೂಮಿನಿಯಂ. ಅಡುಗೆ ಗ್ಯಾಸ್ ಮೇಲೆ ಉಪ್ಪಿನ ನೀರು ಉಕ್ಕಿದ್ರೆ ಉರಿ ಹಳದಿ ಆಗುತ್ತಲ್ಲ, ಅದು ಸೋಡಿಯಂ. ಕೆಂಪಿಗೆ ಸ್ಟ್ರಾನ್ಷಿಯಂ. ಹಸಿರಿಗೆ ಬೇರಿಯಂ, ಆದ್ರೆ ಅದು ವಿಷ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ನಿಷೇಧ ಮಾಡಿದೆ, ಅದು ಸರಿಯಾದ ತೀರ್ಮಾನ ಅಂತಾನೇ ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಕಷ್ಟ ನೀಲಿ. ತಾಮ್ರದಿಂದ ಬರೋ ಬಣ್ಣ ಅದು, ತಾಮ್ರ ಕ್ಲೋರಿನ್ ಜೊತೆ ಸೇರಿ ಉರೀಲಿ ಇದ್ದಷ್ಟು ಹೊತ್ತು ಮಾತ್ರ ನೀಲಿ, ಶಾಖ ಸ್ವಲ್ಪ ಹೆಚ್ಚಾಯ್ತು ಅಂದ್ರೆ ಆ ಜೋಡಿ ಒಡೆದು ಬಣ್ಣ ಬಿಳಚ್ಕೊಳ್ಳುತ್ತೆ, ಕಮ್ಮಿಯಾದ್ರೆ ಹೊಳಪೇ ಇಲ್ಲ. ಶತಮಾನಗಳಿಂದ ಈ ಕೆಲಸ ಮಾಡ್ತಿರೋರಿಗೂ ಒಳ್ಳೆ ನೀಲಿ ಸುಲಭಕ್ಕೆ ಸಿಗಲ್ಲ. ಈಗ ಆಕಾಶದಲ್ಲಿ ನಿಜವಾದ ನೀಲಿ ಕಂಡ್ರೆ ನಾನು ಮಾತು ನಿಲ್ಲಿಸಿಬಿಡ್ತೀನಿ.

ಕೈಯಾರೆ ಮಾಡ್ತಿರೋದು ಅಂದ್ರೆ ಬರೀ ಕಾಗದದ ಗುಂಡು. ಮೇಲೆ ಹೋಗಿ ಹೂವಿನ ಹಾಗೆ ಅರಳೋ ಶೆಲ್ ಇರುತ್ತಲ್ಲ, ಅದು ಒಂದು ಕಾಗದದ ಚೆಂಡು, ಒಳಗೆ ಸುತ್ತಲೂ ಗೋಲಿ ಥರ ಉಂಡೆಗಳು, ಅವಕ್ಕೆ ಸ್ಟಾರ್ ಅಂತಾರೆ. ಒಳಗೆ ಹೇಗೆ ಜೋಡಿಸ್ತೀವೋ ಆಕಾಶದಲ್ಲಿ ಹಾಗೇ ಬಿಚ್ಕೊಳ್ಳುತ್ತೆ, ಉಂಗುರದ ಹಾಗೆ ಇಟ್ರೆ ಉಂಗುರ. ಒಂದೇ ಸ್ಟಾರಲ್ಲಿ ಪದರ ಪದರವಾಗಿ ಬೇರೆ ಬೇರೆ ಬಣ್ಣ ಇದ್ರೆ ಉರೀತಾ ಉರೀತಾ ಬಣ್ಣ ಬದಲಾಗುತ್ತೆ. ನಾನು ಮದ್ದಿನ ಬದಲು ತೋಟದ ಒಳ್ಳೆಮೆಣಸು ಇಟ್ಟು ಜೋಡಣೆ ಕಲೀತಿದೀನಿ, ಹೊರಗೆ ಮೈದಾ ಅಂಟು ಹಚ್ಚಿ ಪೇಪರ್ ಪಟ್ಟಿ ಸುತ್ತೋದು. ಎಲ್ಲಾ ಕಡೆ ಒಂದೇ ದಪ್ಪ ಇರ್ಬೇಕು, ಒಂದು ಕಡೆ ತೆಳು ಆದ್ರೆ ನಿಜವಾದ ಶೆಲ್ ಆ ಕಡೆಗೇ ಬಾಯ್ಬಿಟ್ಟು ಹೂವು ಸೊಟ್ಟ ಆಗುತ್ತೆ. ಜುಲೈಲಿ ಮಾಡಿದ ಮೊದಲ ಆರು ಮಡಿಕೇರಿ ಮಳೇಗೆ ಒಣಗದೇ ಬೂಸ್ಟು ಹಿಡಿದು ಹೋದ್ವು, ಈಗ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸ್ತೀನಿ, ಪಕ್ಕದಲ್ಲೇ ಮಾಂಸ ಒಣಗ್ತಿರುತ್ತೆ. ಈ ಕಸುಬು ಶಿವಕಾಶಿ ಅಂಥ ಒಣ ಊರಲ್ಲಿ ಬೇರೂರಿದ್ದು ಯಾಕೆ ಅಂತ ಆ ಮಳೇಲಿ ಅರ್ಥ ಆಯ್ತು.

ಮಡಿಕೇರಿ ದಸರಾ ರಾತ್ರಿ ದಶಮಂಟಪ, ಅಂದ್ರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ನೋಡಿ ವಾಪಸ್ ಬರ್ತಾ ಬೆಟ್ಟದ ಮೇಲಿನ ರಸ್ತೇಲಿ ನಿಂತಿದ್ದೆ. ಊರೆಲ್ಲಾ ಮಂಜು, ಯಾರೋ ಕೆಳಗೆ ಶೆಲ್ ಬಿಟ್ರು, ಒಂದು ಕಿಡೀನೂ ಕಾಣ್ಲಿಲ್ಲ, ಮಂಜು ಪೂರ್ತಿ ಒಳಗಿಂದ ಕೆಂಪಗೆ ಆಗಿ ನಿಧಾನಕ್ಕೆ ಆರ್ತು. ಎಣಿಸ್ದೆ, ಆರು ಸೆಕೆಂಡ್ ಆದ್ಮೇಲೆ ಸದ್ದು ಬಂತು, ಅಂದ್ರೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ದೂರ. ಪಕ್ಕದಲ್ಲಿ ನೀನಿರ್ಬೇಕಿತ್ತು ಅನ್ನಿಸ್ತು.

ಲೈಸೆನ್ಸ್ ಇಟ್ಕೊಂಡು ಪ್ರದರ್ಶನ ಕೊಡೋ ಒಬ್ಬರು ಹಿರಿಯರು ಪರಿಚಯ ಆಗಿದಾರೆ, ದೂರದಿಂದ ನಿಂತು ನೋಡು, ಪ್ರಶ್ನೆ ಕೇಳು, ಮುಟ್ಬೇಡ ಅಂದಿದಾರೆ. ಅಷ್ಟು ಸಾಕು ಸದ್ಯಕ್ಕೆ.

ಪುತ್ತರಿಗೆ ರಜೆ ಹಾಕಿ ಬಾ. ಕದಿರು ತೆಗೆದು ಕೋವಿ ಹಾರಿಸಿದ ಮೇಲೆ ಅಂಗಳದಲ್ಲಿ ಹೂಕುಂಡ ಹಚ್ಚೋಣ, ಸದ್ದಿಂದು ಒಂದೂ ಬೇಡ. ಬರೋವಾಗ ಬೆಂಗಳೂರಿಂದ ದಪ್ಪ ಬ್ರೌನ್ ಪೇಪರ್ ಒಂದು ರೋಲ್ ತಗೊಂಡು ಬಾ, ಇಲ್ಲಿ ಸಿಗೋದು ಅಂಟು ಹಚ್ಚಿದ ಕೂಡ್ಲೇ ಹರಿಯುತ್ತೆ.

ನಿನ್ನ ಕಾಯ್ತಿರೋ,
ಕಾಫಿ ಕಣದ ಗೆಳೆಯ