ಅದೇ ಕಾಡಿಗೆ ಇನ್ನೊಮ್ಮೆ ಹೋಗು, ಪುಟ್ಟೀ

ಪ್ರೀತಿಯ ಪುಟ್ಟಿಗೆ,

ನಿನ್ನ ಮಾವನ ಆಶೀರ್ವಾದ. ಭಾನುವಾರ ಫೋನಿನಲ್ಲಿ ನೀನು ಹೇಳಿದ ಮಾತು ಮೂರು ದಿನದಿಂದ ತಲೆಯಲ್ಲೇ ಕೂತಿದೆ. "ಮಾವ, ನೀವು ಹೇಳಿದ ಹೇಲಿ ವುಡ್‌ಗೆ ಹೋಗಿದ್ದೆ, ಬರೀ ಬೋಳು ಮರ, ಕೆಸರು, ಇಪ್ಪತ್ತು ನಿಮಿಷದಲ್ಲಿ ಮುಗೀತು, ನಮ್ಮ ಮನೆ ಹಿಂದಿನ ಸೊಪ್ಪಿನ ಬೆಟ್ಟವೇ ವಾಸಿ" ಅಂದೆ. ದನಿಯಲ್ಲಿ ಬೇಜಾರಿತ್ತು. ಅದು ಕಾಡಿನ ಮೇಲಿನ ಬೇಜಾರು ಮಾತ್ರ ಅಲ್ಲ ಅಂತ ನನಗೆ ಗೊತ್ತು. ಫೋನಿನಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಮಲೆನಾಡಿನ ಕಣ್ಣು ಇಟ್ಟುಕೊಂಡು ಅಲ್ಲಿಗೆ ಹೋದೆ. ನಮ್ಮ ಕಡೆ ಕಾಡು ಎದುರಿಗೇ ಎದ್ದು ನಿಲ್ಲುತ್ತದೆ, ಹುಡುಕಬೇಕಾಗಿಲ್ಲ. ಇಲ್ಲಿ ಇಂಗ್ಲೆಂಡಿನದು ಹಾಗಲ್ಲ. ಕೇಂಬ್ರಿಜ್‌ನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್, ಗೋದಿ ಹೊಲಗಳ ನಡುವೆ 50 ಹೆಕ್ಟೇರಿನಷ್ಟು ಮರ, ಅಷ್ಟೇ. ರಸ್ತೆಯಲ್ಲಿ ಹೋಗುವವರಿಗೆ ಎದುರಿನ ನೀರಿನ ಟ್ಯಾಂಕೇ ಮೊದಲು ಕಾಣುತ್ತದೆ. ಆದರೆ ಒಂದು ಲೆಕ್ಕ ಕೇಳು. 1251ರಲ್ಲಿ ಈಲಿ ಅನ್ನುವ ಊರಿನ ಬಿಷಪ್ ತನ್ನ ಆಸ್ತಿಯನ್ನೆಲ್ಲ ಅಳೆಸಿ ಬರೆಸಿದ. ಆ ಕಡತದಲ್ಲಿ ಈ ಕಾಡು ಇದೆ, ಹೆಸರು ಸಮೇತ, 80 ಎಕರೆ ಅಂತ. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲ ಅದು. ಆಗಲೇ ಇದಕ್ಕೊಂದು ಹೆಸರಿತ್ತು, ಗಡಿ ಇತ್ತು ಅಂದರೆ ಕಾಡು ಅದಕ್ಕಿಂತ ಎಷ್ಟು ಹಳೆಯದಿರಬೇಕು ನೀನೇ ಯೋಚಿಸು. ಇಂಗ್ಲೆಂಡಿನಲ್ಲಿ 1600ರಿಂದ ಈಚೆಗೆ ಒಮ್ಮೆಯೂ ಹೊಲವಾಗದೆ ಉಳಿದ ಕಾಡಿಗೆ 'ಏನ್ಷಂಟ್ ವುಡ್‌ಲ್ಯಾಂಡ್' ಅನ್ನುತ್ತಾರೆ. ಅಂಥದ್ದು ಈಗ ಇಡೀ ಬ್ರಿಟನ್ನಿನ ನೆಲದಲ್ಲಿ ನೂರಕ್ಕೆ ಎರಡೂವರೆ ಪಾಲು ಮಾತ್ರ.

ಅಂಚಿನಲ್ಲಿ ಒಂದು ತಗ್ಗು, ಅದರ ಪಕ್ಕ ಒಂದು ಏರಿ ಕಂಡಿತಾ? ನೀನು ದಾಟಿಕೊಂಡೇ ಹೋಗಿರುತ್ತೀಯ. ಅದು ಅಗಳ ಪುಟ್ಟೀ, ನಮ್ಮ ಅಜ್ಜ ತೋಟದ ಸುತ್ತ ತೋಡಿಸಿದ್ದಂಥದ್ದೇ. ದನಕರು ನುಗ್ಗಬಾರದು ಅಂತ ಹೊರಗೆ ಅಗಳ ತೋಡಿ ಮಣ್ಣನ್ನು ಒಳಮಗ್ಗುಲಿಗೆ ಏರಿ ಹಾಕಿದ್ದಾರೆ. ಯಾಕೆ ಇಷ್ಟು ಕಾಳಜಿ ಅಂದರೆ, ಕಾಡು ಅವರಿಗೆ ಒಂದು ಬೆಳೆಯಾಗಿತ್ತು. ಹೇಝಲ್, ಆ್ಯಶ್ ಗಿಡಗಳನ್ನು ಚಳಿಗಾಲದಲ್ಲಿ ಬುಡಕ್ಕೇ ಕಡಿಯುತ್ತಿದ್ದರು. ಕಬ್ಬಿನ ಕೂಳೆ ಚಿಗುರಿದ ಹಾಗೆ ಬುಡದಿಂದ ಹತ್ತಾರು ಕೋಲು ಏಳುತ್ತವೆ. ಹತ್ತು ಹದಿನೈದು ವರ್ಷ ಬಿಟ್ಟು ಮತ್ತೆ ಕಡಿತ. ಸೌದೆಗೆ, ಬೇಲಿಗೆ, ಗೋಡೆಯ ತಡಿಕೆಗೆ ಆ ಕೋಲು. ತೊಲೆಗೆ ನಡುನಡುವೆ ಬಿಟ್ಟ ಓಕ್ ಮರ. ಕಾಪಿಸ್ ಅನ್ನುತ್ತಾರೆ ಈ ಪದ್ಧತಿಗೆ. ಹಾಗೆ ಕಡಿಸಿಕೊಂಡ ಬುಡ ಸಾಯುವುದಿಲ್ಲ, ಸುಮ್ನೆ ಬಿಟ್ಟ ಮರಕ್ಕಿಂತ ಜಾಸ್ತಿ ವರ್ಷ ಬದುಕುತ್ತದೆ. ನಿನಗೆ 'ಬೋಳು' ಅಂತ ಕಂಡ ಜಾಗ ಬಹುಶಃ ಕಳೆದ ವರ್ಷ ಕಡಿದ ಜಾಗ. ಅಲ್ಲಿಗೇ ಮೊದಲು ಬಿಸಿಲು ಬೀಳುತ್ತದೆ, ಅಲ್ಲೇ ಹೂವು ಜಾಸ್ತಿ.

ಇದನ್ನೆಲ್ಲ ನಾನು ಹೇಗೆ ಕಲಿತೆ ಅಂದರೆ ಆಲಿವರ್ ರ್ಯಾಕಮ್ ಅವರು ಬರೆದದ್ದನ್ನು ಓದಿ. ನಿನ್ನ ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನವರು, 2015ರಲ್ಲಿ ತೀರಿಕೊಂಡರು. ಕಾಡಿನ ಇತಿಹಾಸಕ್ಕಾಗಿ ದೇಶ ದೇಶ ಸುತ್ತಿದ ದೊಡ್ಡ ವಿದ್ವಾಂಸರು, ಆದರೆ ಕೈಯಲ್ಲಿ ನೋಟ್‌ಪುಸ್ತಕ ಹಿಡಿದು ಇದೇ ಪುಟ್ಟ ಕಾಡಿಗೆ ದಶಕಗಟ್ಟಲೆ ಬಂದರು, ನೋಡಿದ್ದನ್ನೇ ಮತ್ತೆ ಮತ್ತೆ ನೋಡಿದರು. ನೀನು ಕೊಟ್ಟದ್ದು ಇಪ್ಪತ್ತು ನಿಮಿಷ.

ಬೈಯುತ್ತಿಲ್ಲ. ಜನವರಿಯಲ್ಲಿ ಅಲ್ಲಿ ತೋರಿಸಿಕೊಳ್ಳುವಂಥದ್ದು ಕಡಿಮೆಯೇ. ಮಾರ್ಚ್ ಕೊನೆಗೆ ಹೋಗು. ಮರಕ್ಕೆ ಎಲೆ ಬರುವ ಮೊದಲೇ ನೆಲದ ಗಿಡಗಳು ಅವಸರವಾಗಿ ಹೂ ಬಿಡುತ್ತವೆ, ಆಮೇಲೆ ನೆರಳು ಕವಿಯುತ್ತದಲ್ಲ. ಮೊದಲು ಬಿಳಿಯ ವುಡ್ ಅನೆಮನಿ. ಅದು ಹರಡುವುದು ನೂರು ವರ್ಷಕ್ಕೆ ಸುಮಾರು 6 ಅಡಿ. ಒಂದು ಕೋಣೆಯಷ್ಟು ಅಗಲಕ್ಕೆ ಅದು ಹಾಸಿದ್ದು ಕಂಡರೆ ಅಲ್ಲೇ ನಿಂತು ಲೆಕ್ಕ ಹಾಕು, ಮೈ ಜುಮ್ಮೆನ್ನುತ್ತದೆ. ಏಪ್ರಿಲ್‌ನಲ್ಲಿ ಆಕ್ಸ್‌ಲಿಪ್. ತಿಳಿ ಹಳದಿ, ಗೊಂಚಲೆಲ್ಲ ಒಂದೇ ಕಡೆಗೆ ತಲೆ ಬಗ್ಗಿಸಿಕೊಂಡಿರುತ್ತದೆ. ಬ್ರಿಟನ್ನಿನಲ್ಲಿ ಅದು ಇರುವುದೇ ಹೆಚ್ಚುಕಮ್ಮಿ ಕೇಂಬ್ರಿಜ್, ಸಫೋಕ್, ಎಸೆಕ್ಸ್ ಸೇರುವ ಈ ಮೂಲೆಯಲ್ಲಿ. ನನ್ನ ಗೆಳೆಯರು ಎಲ್ಲೆಲ್ಲಿಂದಲೋ ಅದನ್ನು ನೋಡಲು ಬರುತ್ತಾರೆ. ನಿನಗೆ ಅದು ಸೈಕಲ್ ದೂರದಲ್ಲಿದೆ ಕಣೇ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಬ್ಲೂಬೆಲ್.

ಬ್ಲೂಬೆಲ್ ವಿಷಯದಲ್ಲಿ ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ದಾರಿ ಬಿಟ್ಟು ಹೂವಿನ ಒಳಗೆ ಕಾಲಿಡಬೇಡ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಬೇರೊಂದು ಕಾಡಿನಲ್ಲಿ ನಿನ್ನ ಅತ್ತೆಯನ್ನೂ ಮಕ್ಕಳನ್ನೂ ಹೂವಿನ ನಡುವೆ ಕೂರಿಸಿ ಫೋಟೊ ತೆಗೆದೆ. ಮರುವರ್ಷ ಹೋಗಿ ನೋಡಿದರೆ ನಾವು ಕೂತ ಜಾಗ ಒಂದೇ ಖಾಲಿ, ಸುತ್ತ ಎಲ್ಲ ನೀಲಿ. ಅದರ ಮಾರನೇ ವರ್ಷವೂ ಹಾಗೇ. ತುಳಿದರೆ ಎಲೆ ಮುರಿಯುತ್ತದೆ, ಗೆಡ್ಡೆಗೆ ಊಟ ಹೋಗುವುದಿಲ್ಲ, ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಆ ಫೋಟೊವನ್ನು ನಾನು ಗೋಡೆಗೆ ಹಾಕಲಿಲ್ಲ. ಗೆಡ್ಡೆ ಕೀಳುವುದಂತೂ ಇಲ್ಲಿಯ 1981ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ.

ಈಗ ಕಾಲಿನ ವಿಷಯ. ಅಲ್ಲಿಯದು ಜಿಗುಟು ಮಣ್ಣು, ಕ್ಯಾನ್ವಾಸ್ ಶೂ ಹಾಕಿಕೊಂಡು ಹೋದರೆ ಕೆಸರು ಬಿಟ್ಟು ಬೇರೇನೂ ಕಾಣುವುದಿಲ್ಲ, ಅದೇ ಆಗಿದ್ದು ನಿನಗೆ. ಗಮ್‌ಬೂಟ್ ಬೇಕೇ ಬೇಕು. ಉಂಬಳ ಇಲ್ಲ, ಉಣುಗು ಇದೆ. ಮಂಗನ ಕಾಯಿಲೆಯ ನಾಡಿನವರು ನಾವು, ನಿನಗೆ ಬಿಡಿಸಿ ಹೇಳಬೇಕಾ? ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಬೇಸಿಗೆಯಲ್ಲಿ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸು, ಮನೆಗೆ ಬಂದು ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ನೋಡಿಕೋ. ಕಚ್ಚಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ, ನಿಧಾನ ಎಳೆ. ಎಣ್ಣೆ ಸುರಿಯುವುದು, ಬೆಂಕಿ ಮುಟ್ಟಿಸುವುದು ಬೇಡ. ಆಮೇಲೆ ಕೆಂಪು ಗುರುತು ಅಗಲವಾಗುತ್ತಾ ಹೋದರೆ ಅಥವಾ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗು, 'ಕಾಡಿಗೆ ಹೋಗಿದ್ದೆ' ಅಂತ ಮೊದಲು ಹೇಳು. ಗಾಳಿ ಜೋರಿರುವ ದಿನ ಹೋಗಲೇಬೇಡ. 2012ರಲ್ಲಿ ಈ ದೇಶದಲ್ಲಿ ಆ್ಯಶ್ ಮರಕ್ಕೆ ಒಂದು ಶಿಲೀಂಧ್ರದ ರೋಗ ಕಾಣಿಸಿಕೊಂಡಿತು. ಒಣಗಿದ ಕೊಂಬೆ ಯಾವಾಗ ಬೀಳುತ್ತದೋ ಹೇಳಲಾಗದು.

ಸಂಜೆ ಹೊತ್ತು ನಾಯಿ ಬೊಗಳಿದ ಹಾಗೆ ಕೇಳಿದರೆ ಹೆದರಬೇಡ, ಸುಮ್ಮನೆ ನಿಲ್ಲು. ಅದು ನಮ್ಮ ಕಾಡುಕುರಿಯ ದಾಯಾದಿ, ಮಂಟ್‌ಜಾಕ್. ಚೀನಾದ ಜಾತಿ. ಬೆಡ್‌ಫರ್ಡ್‌ನ ಡ್ಯೂಕ್ ತಮ್ಮ ವೋಬರ್ನ್ ಎಸ್ಟೇಟಿಗೆ ತರಿಸಿದ್ದು, ಅಲ್ಲಿಂದ ಹೊರಬಿದ್ದು ಈ ಸೀಮೆಯಲ್ಲೆಲ್ಲ ಹರಡಿದೆ. ಮೊದಲ ಸಲ ಆ ಸದ್ದು ಕೇಳಿದಾಗ ನಾನು ಗದ್ದೆಯ ಅಂಚಿನಲ್ಲಿ ಅಪ್ಪಯ್ಯನ ಜೊತೆ ನಿಂತಿದ್ದೇನೆ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಆದರೆ ಇಲ್ಲಿಯ ಹೂವಿಗೂ ಚಿಗುರಿಗೂ ಜಿಂಕೆಗಳ ಜೊತೆ ಇದೂ ಶತ್ರು. ನೀನು ಕಂಡ ಎತ್ತರದ ಬಲೆ ಬೇಲಿ ಇವುಗಳಿಗೇ. ಬಾಗಿಲು ಹಾಕದೆ ಬರಬೇಡ.

ಇನ್ನೊಂದು ಮಾತು, ನೀನಾಗಿ ಹೇಳಲಿಲ್ಲ, ನಾನೇ ಊಹಿಸಿದೆ. ಹೊಲದ ನಡುವಿನ ದಾರಿಯಲ್ಲಿ ಒಬ್ಬಳೇ ನಡೆಯುವಾಗ 'ಯಾರಾದರೂ ಇಲ್ಲಿ ನಿನಗೇನು ಕೆಲಸ ಅಂದರೆ' ಅನ್ನುವ ಅಳುಕು ಇರುತ್ತದೆ ಅಲ್ವಾ? ನನಗೂ ವರ್ಷಗಟ್ಟಲೆ ಇತ್ತು. ಕಂಬದ ಮೇಲೆ ಹಳದಿ ಬಾಣ ಇದ್ದರೆ ಅದು ನಡೆಯುವವರ ದಾರಿ, ನೀಲಿ ಇದ್ದರೆ ಕುದುರೆ, ಸೈಕಲ್ಲಿಗೂ ಸೇರಿದ್ದು. ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಇದೇ ದಾರಿಗಳು ಹಸಿರು ಗೆರೆಯಲ್ಲಿ ಇರುತ್ತವೆ. ಜಮೀನು ಯಾರದ್ದೇ ಇರಲಿ, ಆ ದಾರಿಯಲ್ಲಿ ನಡೆಯುವುದು ನಿನ್ನ ಹಕ್ಕು, ಯಾರ ಅಪ್ಪಣೆಯೂ ಬೇಡ. ತಡಮೆ ಬಂದರೆ ಹತ್ತಿ ಇಳಿ, ಗೇಟು ಹೇಗಿತ್ತೋ ಹಾಗೇ ಬಿಡು, ಎದುರಿಗೆ ಯಾರಾದರೂ ಬಂದರೆ ನೀನೇ ಮೊದಲು 'ಮಾರ್ನಿಂಗ್' ಅನ್ನು. ತಲೆ ಎತ್ತಿ ನಡಿ.

ನನ್ನ ಮೊದಲ ಚಳಿಗಾಲ ಹೇಗಿತ್ತು ಅಂತ ನಿನ್ನಮ್ಮನಿಗೂ ಪೂರ್ತಿ ಹೇಳಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಕೆಲಸ, ಕೋಣೆ, ಮತ್ತೆ ಕೆಲಸ. ಆಗ ಆಫೀಸಿನಲ್ಲಿ ಒಬ್ಬ ಹಿರಿಯರು ಭಾನುವಾರ ಹೇಲಿ ಕಾಡಿಗೆ ಕರೆದುಕೊಂಡು ಹೋದರು, ಕೈಗೊಂದು ಗರಗಸ ಕೊಟ್ಟರು. 1962ರಿಂದ ಆ ಕಾಡು ವೈಲ್ಡ್‌ಲೈಫ್ ಟ್ರಸ್ಟ್ ಅನ್ನುವ ವನ್ಯಜೀವಿ ಸಂರಕ್ಷಣೆಯ ಸಂಸ್ಥೆಯದು, ಚಳಿಗಾಲದ ಕಡಿತಕ್ಕೆ ಊರವರೇ ಹೋಗಿ ಕೈಜೋಡಿಸುತ್ತಾರೆ. ಹೇಝಲ್ ಕಡಿದು, ಸೊಪ್ಪು ಒಟ್ಟಿ, ಬೆಂಕಿಯ ಪಕ್ಕ ನಿಂತು ಚಹಾ ಕುಡಿದೆ. ಯಾರೂ ಜಾಸ್ತಿ ಮಾತಾಡಲಿಲ್ಲ. ಎರಡು ವರ್ಷ ಬಿಟ್ಟು ನಾನು ಕಡಿದ ಬುಡದ ಸುತ್ತ ಹಳದಿ ಹೂ ಬಂದಿತ್ತು. ಅವತ್ತಿನಿಂದ ಈ ದೇಶದಲ್ಲಿ ನನ್ನದು ಅನ್ನುವ ಒಂದು ಜಾಗ ಆಯಿತು. ಅದಕ್ಕೇ ಹೇಳುವುದು, ಪ್ರತಿವಾರ ಹೊಸ ಜಾಗ ಹುಡುಕಬೇಡ, ಅದೇ ಕಾಡಿಗೆ ಹೋಗು. ತಿಂಗಳಿಗೊಮ್ಮೆ ಸಾಕು, ಒಂದು ಬುಡ ಗುರುತಿಟ್ಟುಕೊಂಡು ಅದರ ಹತ್ತಿರ ಐದು ನಿಮಿಷ ನಿಂತು ಬಾ.

ಏಪ್ರಿಲ್ ಎರಡನೇ ಶನಿವಾರ ಲೆಸ್ಟರ್‌ನಿಂದ ನಾನೇ ಕಾರಿನಲ್ಲಿ ಬರುತ್ತೇನೆ. ಒಟ್ಟಿಗೆ ಹೋಗೋಣ, ನನ್ನ ಬುಡ ತೋರಿಸುತ್ತೇನೆ. ಅತ್ತೆ ಅವಲಕ್ಕಿ, ಮಿಡಿ ಉಪ್ಪಿನಕಾಯಿ ಕಟ್ಟಿ ಕಳಿಸುತ್ತಾಳೆ. ಗಮ್‌ಬೂಟ್ ನಾನೇ ತರುತ್ತೇನೆ, ನಿನ್ನ ಕಾಲಿನ ಅಳತೆ ಎಷ್ಟು ಅಂತ ಇವತ್ತೇ ಮೆಸೇಜ್ ಮಾಡು.

ಇಂತಿ ನಿನ್ನ
ಮಾವ