ಮಗಳಿಗೊಂದು ಪತ್ರ: ಗ್ರೈಂಡರ್ ಆಮೇಲೆ, ಮೊದಲು ಇಪ್ಪತ್ತು ಪ್ಯಾಕೆಟ್

ಪುಟ್ಟಿ,

ದೋಸೆ ಹಿಟ್ಟಿನ ವ್ಯಾಪಾರಕ್ಕೆ ಹತ್ತು ಲೀಟರಿನ ಗ್ರೈಂಡರ್ ತರಲೇ ಅಂತ ಕೇಳಿದ್ದೀಯ. ಈಗಲೇ ಬೇಡ. ಮನೆಯಲ್ಲಿರುವ ಎರಡು ಲೀಟರಿನದೇ ಸಾಕು. ದೊಡ್ಡ ಯಂತ್ರ ಹಿಟ್ಟು ರುಬ್ಬುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಗೊತ್ತಿಲ್ಲದಿರುವುದು ಎರಡೇ: ಅಪಾರ್ಟ್‌ಮೆಂಟಿನವರು ದುಡ್ಡು ಕೊಟ್ಟು ಮತ್ತೆ ಮತ್ತೆ ಕೊಳ್ಳುತ್ತಾರೆಯೇ, ಅವರ ಫ್ರಿಜ್ಜಿನಲ್ಲಿ ಹಿಟ್ಟು ಎಷ್ಟು ದಿನ ತಡೆಯುತ್ತದೆ.

ಎರಡನೆಯದನ್ನು ಮೊದಲು ನೋಡು, ಅದಕ್ಕೆ ಗಿರಾಕಿಯೇ ಬೇಡ. 800 ಗ್ರಾಂ ದೋಸೆ ಅಕ್ಕಿ, 200 ಗ್ರಾಂ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಕಣ್ಣಳತೆ ಬೇಡ, ತೂಕ ಮಾಡು. ಹೆಚ್ಚುಕಡಿಮೆ ಎರಡೂವರೆ ಕೆಜಿ ಹಿಟ್ಟಾಗುತ್ತದೆ. ಪೂರ್ತಿ ಉಬ್ಬುವ ಮೊದಲೇ ಅರ್ಧ ಕೆಜಿಯ ಐದು ಪ್ಯಾಕೆಟ್‌ಗೆ ತುಂಬು, ಪ್ರತಿಯೊಂದರಲ್ಲೂ ಮೂರನೇ ಒಂದು ಭಾಗ ಖಾಲಿ ಬಿಡು. ಫ್ರಿಜ್ಜಿನಲ್ಲಿ ಹುಳಿ ಬರುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಗಾಳಿ ತುಂಬಿ ಬಿಗಿ ಪ್ಯಾಕೆಟ್ ಒಡೆಯುತ್ತದೆ. ಮೂರನ್ನು ಒಳಗಿನ ತಟ್ಟೆಯಲ್ಲಿ, ಎರಡನ್ನು ಬಾಗಿಲಲ್ಲಿ ಇಡು. ಜನ ಇಡುವುದು ಬಾಗಿಲಲ್ಲೇ, ಅಲ್ಲಿ ತಂಪು ಕಡಿಮೆ. ಎರಡು, ನಾಲ್ಕು, ಆರನೇ ದಿನ ಒಳಗಿನದೊಂದನ್ನು, ನಾಲ್ಕು ಮತ್ತು ಆರನೇ ದಿನ ಬಾಗಿಲಿನದೊಂದನ್ನೂ ಒಡೆದು ದೋಸೆ ಹೊಯ್ದು ನೋಡು. ವಾಸನೆ, ಹುಳಿ, ಮೇಲೆ ನಿಂತ ನೀರು, ದೋಸೆಯ ತೂತು ಎಲ್ಲ ಬರೆದಿಡು. ಬಣ್ಣದ ಬೂಷ್ಟು ಕಂಡರೆ ರುಚಿ ನೋಡದೆ ಎಸೆ. ಬಾಗಿಲಿನದು ನಾಲ್ಕನೇ ದಿನಕ್ಕೆ ಕೆಟ್ಟಿದ್ದರೆ ನಿನ್ನ ಅವಧಿ ಹೆಚ್ಚೆಂದರೆ ಮೂರೇ ದಿನ, ಒಳಗಿನದು ಎಷ್ಟೇ ಚೆನ್ನಾಗಿರಲಿ. ಬೇಸಿಗೆಯಲ್ಲಿ ಸಿಕ್ಕಿದ ಲೆಕ್ಕ ಡಿಸೆಂಬರಿಗೆ ಆಗಿಬರುವುದಿಲ್ಲ, ಆಗ ಇನ್ನೊಮ್ಮೆ ಮಾಡು.

ಇನ್ನು ಮಾರಾಟ. ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಅದನ್ನು ಮೊದಲು ಮುಗಿಸು. ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಂದೇಶ: ಶನಿವಾರ ಸಂಜೆ ಹಿಟ್ಟು, ಶುಕ್ರವಾರದೊಳಗೆ ಯುಪಿಐ ಮಾಡಿದವರಿಗೆ ಮಾತ್ರ, ಇಪ್ಪತ್ತೇ ಪ್ಯಾಕೆಟ್. "ತಗೊಳ್ತೀರಾ?" ಅಂತ ಕೇಳಲೇಬೇಡ. ಎದುರಿಗೆ ಬೇಡ ಅನ್ನುವ ಗಟ್ಟಿತನ ನಮ್ಮವರಿಗಿಲ್ಲ. ಪುಕ್ಕಟೆ ಕೊಟ್ಟರೂ ಅಷ್ಟೇ, ಹೊಗಳಿಕೆ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಚಿಕ್ಕಮ್ಮ, ಅತ್ತೆ ಕೊಂಡದ್ದನ್ನು ಎಣಿಕೆಗೆ ಸೇರಿಸಬೇಡ.

ಮೊದಲ ವಾರ ಇಪ್ಪತ್ತೂ ಖರ್ಚಾದರೆ ಹಿಗ್ಗಬೇಡ, ಅದು ಕುತೂಹಲ. ಮೂರನೇ ವಾರ ಅದೇ ಮನೆಗಳಲ್ಲಿ ಎಷ್ಟು ಮನೆ ಗಿರಾಕಿಗಳಾಗಿ ಉಳಿದವು ಅನ್ನುವುದೇ ಲೆಕ್ಕ. ಇಷ್ಟು ಉಳಿದರೆ ಮುಂದುವರಿಯುತ್ತೇನೆ ಅನ್ನುವ ಸಂಖ್ಯೆಯನ್ನು ಶುರುಮಾಡುವ ಮೊದಲೇ ಬರೆದಿಡು, ಎಂಟು ಅಂತಿಟ್ಟುಕೋ. ಆಮೇಲೆ ಬರೆಯಲು ಕೂತರೆ ಐದು ಬಂದರೂ ಮನಸ್ಸು ಸಾಕು ಅನ್ನುತ್ತದೆ. ಶನಿವಾರ ಗೆದ್ದ ಮೇಲೆ ಮಂಗಳವಾರ ಇಟ್ಟು ನೋಡು. ಭಾನುವಾರದ ದೋಸೆಗೆ ಕೊಳ್ಳುವವರು ವಾರವಿಡೀ ಕೊಳ್ಳುತ್ತಾರೆ ಅಂತಿಲ್ಲ, ಆದರೆ ದೊಡ್ಡ ಗ್ರೈಂಡರಿನ ಸಾಲ ತೀರಬೇಕಾದ್ದು ವಾರದ ದಿನಗಳ ಹಿಟ್ಟಿನಿಂದ. ನಡುವೆ ಏಕಾದಶಿಯೋ ಹಬ್ಬವೋ ಬಂದರೆ ಆ ವಾರ ಬಿಟ್ಟು ಎಣಿಸು.

ಅಕ್ಕಿ, ಪ್ಯಾಕೆಟ್, ಬೆಲೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಿರಾಕಿ ಯಾಕೆ ಹೋದರು ಅಂತ ಯಾವತ್ತೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ. ಎರಡು ಬೆಲೆ ಪರೀಕ್ಷಿಸುವುದಾದರೆ ಎರಡು ಬೇರೆ ಬಡಾವಣೆಗಳಲ್ಲಿ ಮಾಡು. ಒಂದೇ ಕಟ್ಟಡದಲ್ಲಾದರೆ ಲಿಫ್ಟಿನೊಳಗೇ ಗುಟ್ಟು ಬಯಲಾಗಿ ಜಗಳ ಬರುತ್ತದೆ. ಖರ್ಚಿನಲ್ಲಿ ನಿನ್ನ ಕೂಲಿಯನ್ನೂ ಬರಿ: ತೊಳೆಯುವುದು, ತುಂಬುವುದು, ಮನೆಮನೆಗೆ ಕೊಡುವುದು. ಇಪ್ಪತ್ತು ಪ್ಯಾಕೆಟ್ ಅರ್ಧ ಕೆಜಿಯದ್ದಕ್ಕೆ ಸಣ್ಣ ಗ್ರೈಂಡರನ್ನು ನಾಲ್ಕು ಸಲವಾದರೂ ತಿರುಗಿಸಬೇಕು. ಬೇಜಾರೇ, ಆದರೆ ಆ ಬೇಜಾರು ಸಾಲದ ಕಂತಿಗಿಂತ ಅಗ್ಗ.

ಬಾಗಿಲಿನ ಪ್ಯಾಕೆಟ್ ಎಷ್ಟು ದಿನ ಬಂತು ಅಂತ ಬರಿ.

ಅಮ್ಮ